1939ರ ಆಗಸ್ಟ್ 31ಕ್ಕೆ ಯಾವ ಸಾಮ್ರಾಜ್ಯದಲ್ಲಿ ಎಷ್ಟು ಜನ?

ಎರಡನೇ ಮಹಾಯುದ್ಧಕ್ಕೆ ಮುಂಚಿನ ಜನಸಂಖ್ಯೆಯ ಪಟ್ಟಿಗಳು ಎಲ್ಲಿ ಬೇಕಾದರೂ ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವನ್ನು ಹಾಗೆಯೇ ನಂಬಿದರೆ ಕೆಟ್ಟಿರಿ. ಪೋಲೆಂಡಿಗೆ 1931ರ ಅಂಕಿ, ಜರ್ಮನಿಗೆ 1939ರದು, ಭಾರತಕ್ಕೆ 1941ರ ಮಾರ್ಚ್‌ದು, ಸೋವಿಯತ್ ಒಕ್ಕೂಟಕ್ಕೆ 1941ರ ಜೂನ್‌ದು, ಎಲ್ಲವೂ ಒಂದೇ ಕಾಲಂನಲ್ಲಿ ಕೂತಿರುತ್ತವೆ. ಬಿಡಿಬಿಡಿಯಾಗಿ ನೋಡಿದರೆ ಒಂದೊಂದೂ ಸರಿಯೇ. ಕೂಡಿದಾಗ ಬರುವ ಮೊತ್ತ ಮಾತ್ರ ಯಾವ ದಿನದ ಪ್ರಪಂಚಕ್ಕೂ ಸೇರಿದ್ದಲ್ಲ.

ಆದ್ದರಿಂದ ಮೊದಲು ಒಂದು ದಿನಾಂಕ ಹಿಡಿಯಬೇಕು. ಯುದ್ಧದ ಸಾವುನೋವಿನ ಲೆಕ್ಕಕ್ಕೆ ಬೇಕಿದ್ದರೆ 1939ರ ಆಗಸ್ಟ್ 31 ಒಳ್ಳೆಯದು. ಮರುದಿನ ಬೆಳಿಗ್ಗೆ ಜರ್ಮನಿ ಪೋಲೆಂಡಿನ ಮೇಲೆ ಬಿತ್ತು. ದಿನಾಂಕ ಹಿಡಿದ ಮೇಲೆ ಗಡಿಯೂ ಅದೇ ದಿನದ್ದಾಗಿರಬೇಕು. ಇಲ್ಲಿಯೇ ಹೆಚ್ಚು ಜನ ಎಡವುವುದು.

ಜರ್ಮನಿಯನ್ನೇ ತೆಗೆದುಕೊಳ್ಳಿ. 1939ರ ಮೇ 17ರ ಜನಗಣತಿಯಲ್ಲಿ ಸುಮಾರು 7.94 ಕೋಟಿ. ಅದರೊಳಗೆ 1938ರ ಮಾರ್ಚ್‌ನಲ್ಲಿ ನುಂಗಿದ ಆಸ್ಟ್ರಿಯಾ, ಅಕ್ಟೋಬರ್‌ನಲ್ಲಿ ಚೆಕೊಸ್ಲೊವಾಕಿಯಾದಿಂದ ಕಿತ್ತುಕೊಂಡ ಸುಡೆಟನ್‌ಲ್ಯಾಂಡ್, 1939ರ ಮಾರ್ಚ್‌ನ ಮೆಮೆಲ್ (ಲಿಥುವೇನಿಯಾದಿಂದ ಪಡೆದ ಬಂದರು ಪ್ರದೇಶ) ಮೂರೂ ಸೇರಿವೆ. 1937ರ ಗಡಿಯೊಳಗಿನ ಜರ್ಮನಿ ಮಾತ್ರ ಬೇಕೆಂದರೆ ಸುಮಾರು 6.93 ಕೋಟಿ. ಈ 7.94 ಕೋಟಿಯ ಕೆಳಗೆ ಚೆಕೊಸ್ಲೊವಾಕಿಯಾ ಎಂದು ಇನ್ನೊಂದು ಸಾಲು ಹಾಕಿ 1930ರ ಜನಗಣತಿಯ 1,47,29,536 ಬರೆದರೆ ಸುಡೆಟನ್ ಜನ, ಅಂದರೆ ಸುಮಾರು 30 ಲಕ್ಷಕ್ಕೂ ಹೆಚ್ಚು ಮಂದಿ, ಎರಡು ಸಲ ಎಣಿಕೆಯಾಗುತ್ತಾರೆ. ಆಗಸ್ಟ್ 31ಕ್ಕೆ ಚೆಕೊಸ್ಲೊವಾಕಿಯಾ ಎಂಬ ದೇಶವೇ ಇರಲಿಲ್ಲ. ಅದರ ಜಾಗದಲ್ಲಿ ಜರ್ಮನಿಯ ಹಿಡಿತದ ಬೊಹೀಮಿಯಾ-ಮೊರಾವಿಯಾ ಸಂರಕ್ಷಿತ ಪ್ರದೇಶಕ್ಕೊಂದು ಸಾಲು, ಸ್ಲೊವಾಕಿಯಾಕ್ಕೊಂದು ಸಾಲು ಬರಬೇಕು. ಹಂಗೇರಿ, ಪೋಲೆಂಡ್ ಕತ್ತರಿಸಿಕೊಂಡ ತುಂಡುಗಳು ಆಯಾ ದೇಶಕ್ಕೆ ಹೋಗಬೇಕು. ಹಂಗೇರಿಯ ಅಂಕಿ 1930ರಲ್ಲಿ 86.9 ಲಕ್ಷ ಇದ್ದದ್ದು 1941ಕ್ಕೆ 1.47 ಕೋಟಿ ಸಮೀಪಿಸಿತು. ಅದು ಹೆರಿಗೆಯ ಫಲವಲ್ಲ, ಗಡಿ ಸರಿದದ್ದರ ಫಲ.

ಸೋವಿಯತ್ ಒಕ್ಕೂಟದ್ದೂ ಇದೇ ಕಥೆ. 1941ರ ಮಧ್ಯದ 19.67 ಕೋಟಿಯಲ್ಲಿ ಪೂರ್ವ ಪೋಲೆಂಡ್, ಬಾಲ್ಟಿಕ್ ದೇಶಗಳು, ರೊಮೇನಿಯಾದಿಂದ ಕಿತ್ತುಕೊಂಡ ಬೆಸರೇಬಿಯಾ ಎಲ್ಲವೂ ಸೇರಿವೆ. ಅದನ್ನು ಇಟ್ಟುಕೊಂಡು ಪಕ್ಕದಲ್ಲಿ ಪೋಲೆಂಡಿಗೆ 3.5 ಕೋಟಿ ಹಾಕಿದರೆ ಒಂದು ಕೋಟಿಗೂ ಮೀರಿದ ಜನ ಎರಡೂ ಕಡೆ ಹಾಜರಿ ಹಾಕುತ್ತಾರೆ.

ಹಾಗೆಂದು 1939ರ ಜನವರಿ 17ರ ಸೋವಿಯತ್ ಜನಗಣತಿಯ 17.06 ಕೋಟಿಯನ್ನೂ ಕಣ್ಣು ಮುಚ್ಚಿ ಒಪ್ಪುವಂತಿಲ್ಲ. ಎರಡು ವರ್ಷ ಹಿಂದೆ, 1937ರ ಜನವರಿಯಲ್ಲಿ ಎಣಿಸಿದಾಗ 16.2 ಕೋಟಿ ಬಂದಿತ್ತು. ಸ್ಟಾಲಿನ್ 1934ರಲ್ಲೇ 16.8 ಕೋಟಿ ಎಂದು ಹೇಳಿಬಿಟ್ಟಿದ್ದ. 1932–33ರ ಬರಗಾಲದಲ್ಲಿ ಸತ್ತವರು ಲೆಕ್ಕದಲ್ಲಿ ಕಾಣಿಸಿಕೊಂಡರು. ಸರ್ಕಾರ ಗಣತಿಯನ್ನೇ ರದ್ದು ಮಾಡಿತು, ಅದನ್ನು ನಡೆಸಿದ ಕ್ವಿಟ್‌ಕಿನ್, ಕ್ರವಾಲ್ ಮೊದಲಾದ ಅಧಿಕಾರಿಗಳನ್ನು ಗುಂಡಿಟ್ಟು ಕೊಂದಿತು. ಮುಂದಿನ ಗಣತಿ ಮಾಡಿದವರು ಎಂಥ ಒತ್ತಡದಲ್ಲಿ ಕೂಡಿ ಕಳೆದಿರಬೇಕೆಂದು ಊಹಿಸಿಕೊಳ್ಳಿ. ದಾಖಲೆಗಳು ತೆರೆದ ಮೇಲೆ ಜನಸಂಖ್ಯಾ ತಜ್ಞರು 1939ರ ಅಂಕಿಯಿಂದ 20ರಿಂದ 30 ಲಕ್ಷ ಇಳಿಸಿದರು. ಆಗಸ್ಟ್ 31ಕ್ಕೆ 17 ಕೋಟಿ ಎಂದು ದುಂಡಗೆ ಬರೆದರೆ ಸಾಕು, ದಶಮಾಂಶ ಬೇಡ.

ಇನ್ನು ಗಣತಿಯ ದಿನದಿಂದ ನಮ್ಮ ದಿನಕ್ಕೆ ಅಂಕಿಯನ್ನು ತರುವ ಕೆಲಸ. ಭಾರತ ಇದಕ್ಕೆ ಒಳ್ಳೆಯ ಮಾದರಿ. 1931ರ ಫೆಬ್ರವರಿ 26ರ ಖಾನೇಷುಮಾರಿ: 35,28,37,778. ಇದರಲ್ಲಿ ಬರ್ಮಾ ಇದೆ. 1937ರ ಏಪ್ರಿಲ್ 1ರಂದು ಬರ್ಮಾ ಬೇರೆಯಾದ್ದರಿಂದ ಅದರ 1,46,67,146 ಕಳೆಯಿರಿ; ಉಳಿದದ್ದು 33,81,70,632. (ಏಡನ್ ಕೂಡ ಅದೇ ದಿನ ಬೇರೆಯಾಯಿತು, ಆದರೆ ಅಲ್ಲಿ ಇದ್ದದ್ದು ಐವತ್ತು ಸಾವಿರ ಚಿಲ್ಲರೆ ಜನ, ಬಿಟ್ಟರೂ ನಡೆಯುತ್ತದೆ.) 1941ರ ಮಾರ್ಚ್ 1ರದು 38,89,97,955. ಇದನ್ನು ಬರ್ಮಾ ಕಳೆದು ಉಳಿದ ಅಂಕಿಯಿಂದ ಭಾಗಿಸಿದರೆ 1.1503. ನಮ್ಮ ದಿನ ಈ ಹತ್ತು ವರ್ಷದ ಹಾದಿಯಲ್ಲಿ 8.5 ವರ್ಷಕ್ಕೆ ಬೀಳುತ್ತದೆ. 1.1503ರ 0.85ನೇ ಘಾತ 1.1264; 1931ರ ಆ ಅಂಕಿಯನ್ನು ಇದರಿಂದ ಗುಣಿಸಿದರೆ 38.09 ಕೋಟಿ. ವರ್ಷವರ್ಷವೂ ಒಂದೇ ಸಮ ಹೆಚ್ಚಿತೆಂದು ನೇರಗೆರೆ ಎಳೆದರೆ 38.14 ಕೋಟಿ. ನಾಲ್ಕೂವರೆ ಲಕ್ಷದ ವ್ಯತ್ಯಾಸಕ್ಕಾಗಿ ಜಗಳವಾಡಬೇಕಿಲ್ಲ, ಏಕೆಂದರೆ ಮೂಲದಲ್ಲಿರುವ ಓರೆಕೋರೆಯೇ ಅದಕ್ಕಿಂತ ದೊಡ್ಡದು. 1931ರಲ್ಲಿ ಕಾಂಗ್ರೆಸ್ ಗಣತಿಯನ್ನು ಬಹಿಷ್ಕರಿಸಿತ್ತು. 1941ರಲ್ಲಿ ಒಂದೇ ರಾತ್ರಿ ಎಣಿಸುವ ಹಳೆಯ ಪದ್ಧತಿ ಕೈಬಿಟ್ಟರು. ಪಂಜಾಬ್, ಬಂಗಾಳಗಳಲ್ಲಿ ಎಲ್ಲ ಸಮುದಾಯಗಳೂ ತಮ್ಮ ಸಂಖ್ಯೆ ಉಬ್ಬಿಸಲು ಹೊರಟವೆಂಬ ದೂರುಗಳಿದ್ದವು. ಯುದ್ಧದ ಖರ್ಚಿನ ನೆಪದಲ್ಲಿ ಕೋಷ್ಟಕಗಳನ್ನೂ ಮೊಟಕುಗೊಳಿಸಿದರು.

ಇನ್ನೊಂದು ಎಚ್ಚರಿಕೆ: 'ಬ್ರಿಟಿಷ್ ಇಂಡಿಯಾ' ಎಂದು ಬರೆದ ಅಂಕಿ ಕಂಡರೆ ಸಂಸ್ಥಾನಗಳು ಸೇರಿವೆಯೇ ನೋಡಿ. 1941ರಲ್ಲಿ ಪ್ರಾಂತ್ಯಗಳಲ್ಲಿ 29.58 ಕೋಟಿ, ಸಂಸ್ಥಾನಗಳಲ್ಲಿ 9.32 ಕೋಟಿ. ಸಂಸ್ಥಾನಗಳನ್ನು ಮರೆತರೆ ಅಂದಿನ ಜರ್ಮನಿಗಿಂತ ದೊಡ್ಡ ಜನಸಮೂಹವೇ ಮಾಯ.

ಬ್ರಿಟನ್ನಿನಲ್ಲಿ 1941ರ ಗಣತಿ ನಡೆಯಲೇ ಇಲ್ಲ. ಅಲ್ಲಿಗೆ ಮಧ್ಯವರ್ಷದ ಅಂದಾಜು, ಸುಮಾರು 4.78 ಕೋಟಿ, ಬಳಸಬೇಕು. 1939ರ ಸೆಪ್ಟೆಂಬರ್ 29ರ ರಾಷ್ಟ್ರೀಯ ನೋಂದಣಿಯನ್ನು ಗಣತಿಯೆಂದು ತಿಳಿಯಬೇಡಿ, ಅದರಲ್ಲಿ ಸೈನಿಕರಿಲ್ಲ. ಇಡೀ ಬ್ರಿಟಿಷ್ ಸಾಮ್ರಾಜ್ಯ ಕೂಡಿಸಿದರೆ 50 ಕೋಟಿ ದಾಟುತ್ತದೆ, ಅದರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಭಾರತ ಮತ್ತು ಬರ್ಮಾ. ಐರ್ಲೆಂಡಿಗೆ (1936ರಲ್ಲಿ 29.68 ಲಕ್ಷ) ಪ್ರತ್ಯೇಕ ಸಾಲು ಕೊಡುವುದು ವಾಸಿ: ಕಾಗದದ ಮೇಲೆ ಡೊಮಿನಿಯನ್ (ಸಾಮ್ರಾಜ್ಯದೊಳಗಿನ ಸ್ವಯಮಾಡಳಿತದ ದೇಶ), ಯುದ್ಧದಲ್ಲಿ ತಟಸ್ಥ. ಈಜಿಪ್ಟ್ ಅಷ್ಟರೊಳಗೆ ಸ್ವತಂತ್ರ. ಸುಡಾನ್ ಬ್ರಿಟನ್, ಈಜಿಪ್ಟ್ ಎರಡರ ಜಂಟಿ ಆಡಳಿತ. ಆಸ್ಟ್ರೇಲಿಯಾದ ಅಂದಿನ ಅಧಿಕೃತ ಸಂಖ್ಯೆಯಲ್ಲಿ ಮೂಲನಿವಾಸಿಗಳು ಇಲ್ಲ ಎಂಬುದನ್ನು ಅಡಿಟಿಪ್ಪಣಿಯಲ್ಲಾದರೂ ಹೇಳಬೇಕು.

ಜಪಾನಿನ ಅಂಕಿಯಲ್ಲಿ ಬೇರೆ ಬಗೆಯ ಗುಂಡಿಯಿದೆ. 1940ರ ಅಕ್ಟೋಬರ್ 1ರ 7,31,14,308ರಲ್ಲಿ ಹೊರದೇಶದಲ್ಲಿದ್ದ ಸೈನಿಕರೂ ಇದ್ದಾರೆ. ಅವರನ್ನು ತೆಗೆದರೆ 7.19 ಕೋಟಿ. ಚೀನಾ ಯುದ್ಧ 1937ರಲ್ಲೇ ಶುರುವಾಗಿತ್ತಲ್ಲ. ಕೊರಿಯಾದ 2.43 ಕೋಟಿ, ತೈವಾನಿನ 58.7 ಲಕ್ಷ, ಉಳಿದ ಚಿಲ್ಲರೆ ಸೇರಿಸಿದರೆ ಸಾಮ್ರಾಜ್ಯ 10.5 ಕೋಟಿ. ಯುದ್ಧಕಾಲದ 'ಹತ್ತು ಕೋಟಿ ಜನ' ಎಂಬ ಜಪಾನಿ ಘೋಷಣೆ ನಿಂತದ್ದು ಕೊರಿಯನ್ನರನ್ನೂ ತೈವಾನಿಗರನ್ನೂ ಸೇರಿಸಿಕೊಂಡೇ. ಜಪಾನ್ ಚೀನಾದ ಮಂಚೂರಿಯಾದಲ್ಲಿ ನಿಲ್ಲಿಸಿದ ಕೈಗೊಂಬೆ ರಾಜ್ಯ ಮಂಚುಕೊವೊದ ನಾಲ್ಕು ಕೋಟಿ ಚಿಲ್ಲರೆ ಜನ ಇದರಲ್ಲಿಲ್ಲ. ಅವರನ್ನು ಬೇರೆ ಸಾಲಿನಲ್ಲಿ ಬರೆದು, ಚೀನಾದಿಂದ ಕಳೆಯಿರಿ.

ಫ್ರಾನ್ಸ್: 1936ರಲ್ಲಿ 4.19 ಕೋಟಿ. ಮಾರ್ಸೇಯ್ ನಗರ ತನ್ನಲ್ಲಿ 9.14 ಲಕ್ಷ ಜನರಿದ್ದಾರೆ ಎಂದಿತ್ತು, 1946ರಲ್ಲಿ ಸರಿಯಾಗಿ ಎಣಿಸಿದಾಗ ಸಿಕ್ಕಿದ್ದು 6.36 ಲಕ್ಷ. ಅಷ್ಟೂ ಯುದ್ಧದ ನಷ್ಟವಲ್ಲ; ಸ್ಥಳೀಯ ಆಡಳಿತ ಉಬ್ಬಿಸಿದ್ದರ ಪಾಲು ದೊಡ್ಡದು. ಅಲ್ಜೀರಿಯಾ ಆಡಳಿತದಲ್ಲಿ ಫ್ರಾನ್ಸಿನದೇ ಜಿಲ್ಲೆಗಳಾಗಿದ್ದರೂ ಅಲ್ಲಿನ 72 ಲಕ್ಷ ಈ 4.19 ಕೋಟಿಯಲ್ಲಿ ಸೇರಿಲ್ಲ. ನೆದರ್ಲೆಂಡ್ಸ್ ಯುರೋಪಿನಲ್ಲಿ ಒಂದು ಕೋಟಿಯೂ ಇಲ್ಲದ ದೇಶ. ಅದರ ಈಸ್ಟ್ ಇಂಡೀಸಿನಲ್ಲಿ (ಇಂದಿನ ಇಂಡೋನೇಷ್ಯಾ) 1930ರಲ್ಲೇ 6.07 ಕೋಟಿ. ಅಮೆರಿಕದ 13.17 ಕೋಟಿಯ (1940) ಜೊತೆ ಫಿಲಿಪ್ಪೀನ್ಸಿನ 1.6 ಕೋಟಿಯನ್ನು ಮರೆಯುವವರೇ ಹೆಚ್ಚು.

ಆಫ್ರಿಕಾದ ಅಂಕಿಗಳಲ್ಲಿ ಕೊನೆಯ ಒಂಟಿ ಸಂಖ್ಯೆಯವರೆಗೂ ಬರೆದದ್ದು ಕಂಡರೆ ಅನುಮಾನಪಡಿ. ಬಹುಪಾಲು ಎಣಿಕೆ ತಲೆಗಂದಾಯದ ಪಟ್ಟಿಯಿಂದ ಬಂದದ್ದು. ಎಣಿಸಲು ಬಂದವನ ಹಿಂದೆ ಕಂದಾಯ ಬರುತ್ತದೆಂದು ಗೊತ್ತಿದ್ದ ಜನ ತಲೆಮರೆಸಿಕೊಳ್ಳುತ್ತಿದ್ದರು. ನೈಜೀರಿಯಾದ 1931ರ ಗಣತಿಯನ್ನು ಉತ್ತರದಲ್ಲಿ ಮಿಡತೆ ಹಾವಳಿ, ಪೂರ್ವದಲ್ಲಿ 1929ರ ಹೆಂಗಸರ ತೆರಿಗೆ ದಂಗೆಯ ಬಿಸಿ ಕೆಡಿಸಿದವು. ಆಗ ಬಂದ ಅಂಕಿ ಎರಡು ಕೋಟಿಯ ಹತ್ತಿರ. 1952–53ರಲ್ಲಿ ಮೂರು ಕೋಟಿ ದಾಟಿತು. ಇಟಲಿ ಗೆದ್ದುಕೊಂಡ ಇಥಿಯೋಪಿಯಾದಲ್ಲಿ ಮೊದಲ ರಾಷ್ಟ್ರೀಯ ಜನಗಣತಿ ನಡೆದದ್ದೇ 1984ರಲ್ಲಿ.

ಹೀಗಾಗಿ ಪ್ರತಿ ಸಾಲಿಗೂ ಗಣತಿಯ ದಿನಾಂಕದ ಪಕ್ಕದಲ್ಲಿ ಒಂದು ದರ್ಜೆ ಹಾಕಿಬಿಡಿ: ಮನೆಮನೆ ಎಣಿಸಿದ್ದಕ್ಕೆ ಕ, ಕಂದಾಯ ಪಟ್ಟಿಯದಕ್ಕೆ ಖ, ಬರೀ ಅಂದಾಜಿಗೆ ಗ. ಚೀನಾ ಗ ದರ್ಜೆಯದು. ಅಂದಿನ ಅಂದಾಜುಗಳು 45ರಿಂದ 52 ಕೋಟಿಯವರೆಗೆ ತೂಗಾಡುತ್ತವೆ; 1953ರ ಗಣತಿಯಲ್ಲಿ 58 ಕೋಟಿ ಬಂದದ್ದು ನೋಡಿದರೆ ಮೇಲಿನ ತುದಿಯೇ ಹೆಚ್ಚು ನಂಬಲರ್ಹ. ಚೀನಾ ಒಂದರಲ್ಲೇ ಏಳು ಕೋಟಿಯ ಅನುಮಾನ ಇರುವಾಗ ಪ್ರಪಂಚದ ಮೊತ್ತದ ಮುಂದೆ ಸುಮಾರು 230 ಕೋಟಿ ಎಂದು ಬರೆದು ಪೆನ್ಸಿಲ್ ಕೆಳಗಿಡಿ.