ನಾನು 'ಕಿವಿ', ಅವನು 'ಕೈ'

9ನೇ ತರಗತಿಯಲ್ಲಿ ಒಂದು ದಿನ ನಮಗೆಲ್ಲ ಒಂದು ಪ್ರಶ್ನೆಪಟ್ಟಿ ಹಂಚಿದರು. ದಾರಿ ತಪ್ಪಿದರೆ ನಕ್ಷೆ ನೋಡುತ್ತೀರಾ, ಯಾರನ್ನಾದರೂ ಕೇಳುತ್ತೀರಾ, ಸುಮ್ನೆ ನಡೆದು ಹುಡುಕುತ್ತೀರಾ? ಇಂಥವೇ ಪ್ರಶ್ನೆಗಳು. ಟಿಕ್ ಹಾಕಿ ಕೂಡಿಸಿದರೆ ನಿಮ್ಮ ಕಲಿಕಾ ಶೈಲಿ ಸಿಕ್ಕಿತು ಅಂತ ಲೆಕ್ಕ. ನನಗೆ ಬಂದದ್ದು 'ಕಿವಿ', ಅಂದರೆ ಕೇಳಿ ಕಲಿಯುವವನು. ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯನಿಗೆ 'ಕೈ', ಅಂದರೆ ಮಾಡಿ ಕಲಿಯುವವನು.

ಎಷ್ಟು ಅನುಕೂಲವಾಯಿತು ಅಂತೀರಿ! ವಿಜ್ಞಾನ ಅಂದರೆ ನನಗೆ ಮೊದಲೇ ಅಷ್ಟಕ್ಕಷ್ಟೇ. ಈಗ ನೆಪವೂ ಸಿಕ್ಕಿತು. ಚಿತ್ರ ಬರಿ ಅಂದರೆ 'ನಂದು ಕಿವಿ ಕಲಿಕೆ'. ಪ್ರಯೋಗ ಮಾಡು ಅಂದರೂ ಅದೇ ಉತ್ತರ. ಗೆಳೆಯ ಉಪಕರಣ ಮುಟ್ಟಲು ಎಲ್ಲರಿಗಿಂತ ಮುಂದೆ. ಅಳತೆ ಬರೆದಿಡು ಅಂದರೆ ಮಾಯ.

ವಿಜ್ಞಾನದ ಮೇಡಂ ವಾದಕ್ಕೆ ಇಳಿಯಲಿಲ್ಲ. ದಾರ, ಕಲ್ಲು ಕೊಟ್ಟು ಲೋಲಕ ಕಟ್ಟಿಸಿದರು. ತೂಗುವ ಮೊದಲು ಊಹೆ ಹೇಳಬೇಕು. ಕಲ್ಲು ಭಾರವಾದರೆ ಬೇಗ ತೂಗುತ್ತಾ? ಹೌದು ಅಂತ ಇಡೀ ತರಗತಿ ಕೂಗಿತು. ಇಲ್ಲ, ಸಮಯ ಅಷ್ಟೇ ಇತ್ತು. ಗಂಟಿನಿಂದ ಕಲ್ಲಿನ ನಡುವಿನವರೆಗೆ 25 ಸೆಂಟಿಮೀಟರ್ ಇದ್ದಾಗ, 20 ಸಲ ಹೋಗಿ ಬರಲು 20 ಸೆಕೆಂಡು.

'ಸಮಯ ಎರಡು ಪಟ್ಟು ಆಗಬೇಕಾದರೆ ದಾರ ಎಷ್ಟುದ್ದ ಬೇಕು?'

'50' ಅಂತ ಕೂಗಿದವನು ನಾನೇ. ಅಳೆದರೆ 28 ಸೆಕೆಂಡು! ಎಣಿಕೆ ತಪ್ಪಿತೇನೋ ಅಂತ ಮತ್ತೆ ಮಾಡಿದೆವು. ಮತ್ತೂ 28. ದಾರ 75ಕ್ಕೆ ಎಳೆದರೂ 40 ಬರಲಿಲ್ಲ. ಒಂದು ಮೀಟರಿಗೆ ಬಂತು.

ಅವತ್ತು ಗಂಟೆ ಹೊಡೆದದ್ದು ನನಗೆ ಕೇಳಿಸಲೇ ಇಲ್ಲ. 'ಕಿವಿ' ಹುಡುಗನಿಗೆ! ಯಾಕೆ ಹೀಗೆ ಅಂತ ನೋಡಲು ಗ್ರಾಫ್ ಬರೆಯಲೇಬೇಕಾಯಿತು. ಗೆರೆ ನೆಟ್ಟಗಿರಲಿಲ್ಲ, ಬಾಗಿತ್ತು. ಅದನ್ನು ಬಾಯಲ್ಲಿ ಎಷ್ಟು ಹೇಳಿದ್ದರೂ ನನಗೆ ಹೊಳೆಯುತ್ತಿರಲಿಲ್ಲ. ಗೆಳೆಯನೂ ಅಳತೆ ಬರೆದುಕೊಂಡ. ಬರೆಯದಿದ್ದರೆ ಹಿಂದಿನ ಸಂಖ್ಯೆ ಮರೆತುಹೋಗುತ್ತಿತ್ತು, ಅಲ್ವಾ?

ಮುಂದೆ ನಾನೇ ಮೇಷ್ಟ್ರಾಗಲು ಓದುವಾಗ ಆ ಪ್ರಶ್ನೆಪಟ್ಟಿಯ ನೆಂಟರೆಲ್ಲ ಸಿಕ್ಕರು. ಕಣ್ಣು, ಕಿವಿ, ಓದು-ಬರಹ, ಕೈ ಎಂದು ವಿಂಗಡಿಸುವ 'ವಾರ್ಕ್' 1992ರದು, ನೀಲ್ ಫ್ಲೆಮಿಂಗ್ ಮತ್ತು ಕಾಲೀನ್ ಮಿಲ್ಸ್ ಅವರದು. 2004ರ ಒಂದು ಪರಿಶೀಲನೆಯಲ್ಲಿ ಇಂಥ 71 ಮಾದರಿಗಳ ಪಟ್ಟಿಯೇ ಇತ್ತು! ಶೈಲಿಗೆ ತಕ್ಕಂತೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಸಂಗಡಿಗರು ಬರೆದರು. ಓದಿ ನನಗೆ ನಗು ಬಂತು. ಕೇಳಿ ತಿಳಿಯುವುದೇ ನನಗೆ ಇವತ್ತಿಗೂ ಜಾಸ್ತಿ ಇಷ್ಟ, ಸುಳ್ಳಲ್ಲ. ವಿಜ್ಞಾನದ ರುಚಿ ಹತ್ತಿಸಿದ್ದು ಮಾತ್ರ ಆ 28.

ಆಸಕ್ತಿ ನಾಲ್ಕು ಹಂತದಲ್ಲಿ ಬೆಳೆಯುತ್ತದೆ ಎಂದು ಸುಝಾನ್ ಹೈಡಿ ಮತ್ತು ಆನ್ ರೆನಿಂಜರ್ 2006ರಲ್ಲಿ ವಿವರಿಸಿದ್ದಾರೆ. ಮೊದಲನೆಯದು ಸನ್ನಿವೇಶ ಹೊತ್ತಿಸುವ ಕಿಡಿ. ಅದು ಅಲ್ಲೇ ಆರಿಹೋಗಲೂಬಹುದು.

ಮೇಡಂ ಆರಲು ಬಿಡಲಿಲ್ಲ. ಹೊರಡುವಾಗ ಬಾಗಿಲಲ್ಲಿ ತಿರುಗಿ, 'ಇದನ್ನೇ ಚಂದ್ರನ ಮೇಲೆ ತೂಗಿದರೆ?' ಅಂದರು. ಅಲ್ಲಿನ ಸೆಳೆತ ಇಲ್ಲಿಯ ಆರರಲ್ಲೊಂದು ಪಾಲು ಅಂತ ಆಗಲೇ ಗೊತ್ತಿತ್ತು. ಲೆಕ್ಕ ಕೂಡಿಬರಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಶಾಲೆ ಬಿಟ್ಟಾಗಿತ್ತು.

25 ಸೆಂಟಿಮೀಟರ್ ದಾರ, 20 ತೂಗಾಟ. ಸುಮಾರು 49 ಸೆಕೆಂಡು, ಮೇಡಂ.