ಯಕ್ಷಗಾನ ವಿಡಿಯೋ ಜೋಡಣೆ: ಪ್ಲೆಕ್ಸೋ, ಜೆಲ್ಲಿಫಿನ್ನೋ?

ಡೊಂಬಿವಲಿ ಮನೆಯ ಸರ್ವರ್‌ನಲ್ಲಿ ಸಿನಿಮಾ ಜೋಡಣೆ ಮುಗಿಯಿತು. ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ತಲೆ ತಿಂದದ್ದು ಯಕ್ಷಗಾನ. ಮಳೆಗಾಲದಲ್ಲಿ ಊರಲ್ಲಿ ಮೇಳಗಳ ತಿರುಗಾಟ ನಿಂತಾಗ ಕಲಾವಿದರು ಮುಂಬೈಗೆ ಬರುತ್ತಾರಲ್ಲ, ಆ ಆಟಗಳನ್ನೆಲ್ಲ ಮಾವ ರೆಕಾರ್ಡ್ ಮಾಡಿಟ್ಟಿದ್ದಾರೆ.

ನಮ್ಮದೇ ವಿಡಿಯೋಗಳನ್ನು ಜೋಡಿಸಿ ತೋರಿಸುವ ಸಾಫ್ಟ್‌ವೇರ್‌ಗಳಾದ ಪ್ಲೆಕ್ಸ್, ಜೆಲ್ಲಿಫಿನ್ ಎರಡನ್ನೂ ಒಂದೇ ಫೋಲ್ಡರ್ ಮೇಲೆ ಓಡಿಸಿ ನೋಡಿದೆ. ಅದೇ ಬಗೆಯ ಎಂಬಿಯನ್ನು (Emby) ಮುಟ್ಟಲಿಲ್ಲ. ಎಲ್ಲರಿಗೂ ತೆರೆದಿದ್ದ ಅದರ ಕೋಡ್ ಮುಚ್ಚಿದ ಮೇಲೆ 2018ರಲ್ಲಿ ಅದರಿಂದ ಕವಲೊಡೆದದ್ದೇ ಜೆಲ್ಲಿಫಿನ್.

ಮೊದಲ ಕೆಲಸ, ನೆಟ್‌ನಿಂದ ಮಾಹಿತಿ ತರುವುದನ್ನು ಆಫ್ ಮಾಡುವುದು. ಇಲ್ಲದಿದ್ದರೆ ‘ಗದಾಯುದ್ಧ’ಕ್ಕೆ ಯಾವುದೋ ಸಿನಿಮಾ ಪೋಸ್ಟರ್ ಬಂದು ಕೂರಬಹುದು.

ಪ್ಲೆಕ್ಸ್‌ನ ಸ್ಮಾರ್ಟ್ ಕಲೆಕ್ಷನ್ ನಿಜಕ್ಕೂ ಚೆನ್ನಾಗಿದೆ. ‘ಬಡಗು ತಿಟ್ಟು’ (ಯಕ್ಷಗಾನದ ಒಂದು ಶೈಲಿ) ಅಂತ ಲೇಬಲ್ ಹಾಕಿ, ಆ ಫಿಲ್ಟರನ್ನೇ ಕಲೆಕ್ಷನ್ ಆಗಿ ಉಳಿಸಿದರೆ ಸಾಕು. ಮುಂದೆ ಆ ಲೇಬಲ್ ಹಾಕಿದ್ದೆಲ್ಲ ತಾನಾಗಿಯೇ ಬಂದು ಸೇರುತ್ತದೆ. ಜೆಲ್ಲಿಫಿನ್‌ನಲ್ಲಿ ಇದಕ್ಕೆ ಪ್ಲಗಿನ್ ಬೇಕು, ಇಲ್ಲವೇ ಒಂದೊಂದಾಗಿ ಕೈಯಿಂದ ಸೇರಿಸಬೇಕು.

ಆದರೂ ನಾನು ಜೆಲ್ಲಿಫಿನ್ ಇಟ್ಟುಕೊಂಡೆ. ಕಾರಣ ಎನ್‌ಎಫ್‌ಒ ಫೈಲು. ಲೈಬ್ರರಿ ಸೆಟ್ಟಿಂಗ್‌ನಲ್ಲಿ ಎನ್‌ಎಫ್‌ಒ ಸೇವರ್ ಆನ್ ಮಾಡಿದರೆ, ನಾವು ತುಂಬಿದ್ದೆಲ್ಲ ವಿಡಿಯೋದ ಪಕ್ಕದಲ್ಲೇ ಸಾದಾ ಅಕ್ಷರದ ಫೈಲಾಗಿ ಉಳಿಯುತ್ತದೆ. ನಾಳೆ ಸರ್ವರ್ ಹೋದರೂ ದುಡಿಮೆ ಹೋಗುವುದಿಲ್ಲ. ಅದರಲ್ಲಿ ಡೈರೆಕ್ಟರ್ ಜಾಗಕ್ಕೆ ಭಾಗವತರ ಹೆಸರು ಹಾಕಿದೆ (ಹಾಡುತ್ತ ಆಟ ನಡೆಸುವವರು ಅವರೇ ತಾನೇ!). ಆಕ್ಟರ್ ಜಾಗಕ್ಕೆ ವೇಷಧಾರಿ, ರೋಲ್‌ಗೆ ಪಾತ್ರ: ಕೌರವ, ಭೀಮ, ಹೀಗೆ. ಈಗ ಒಬ್ಬರ ಹೆಸರು ಒತ್ತಿದರೆ ಅವರ ವೇಷಗಳೆಲ್ಲ ಒಂದೇ ಕಡೆ.

ಒಂದು ಎಚ್ಚರಿಕೆ. ಒಂದೇ ಪ್ರಸಂಗದ ಬೇರೆ ಬೇರೆ ಆಟಗಳನ್ನು ಒಂದೇ ಫೋಲ್ಡರ್‌ನಲ್ಲಿಟ್ಟು, ಫೈಲಿಗೆ ಫೋಲ್ಡರ್ ಹೆಸರನ್ನೇ ಕೊಟ್ಟು ಅಡ್ಡಗೆರೆ ಹಾಕಿದರೆ, ಜೆಲ್ಲಿಫಿನ್ ಅವನ್ನು ಒಂದೇ ಸಿನಿಮಾದ ವರ್ಷನ್‌ಗಳು ಅಂದುಕೊಳ್ಳುತ್ತದೆ. ಪರದೆ ಮೇಲೆ ಒಂದೇ ಕಾಣುತ್ತದೆ, ಉಳಿದವು ಅದರ ಒಳಗೆ ಅಡಗುತ್ತವೆ. ಹಾಗಾಗಿ ಆಟಕ್ಕೊಂದು ಫೋಲ್ಡರ್, ಹೆಸರಿನ ಕೊನೆಗೆ ಕಂಸದಲ್ಲಿ ವರ್ಷ. ಪ್ರಸಂಗದ ಹೆಸರಲ್ಲಿ ಕಲೆಕ್ಷನ್.

ಮಾವನಿಗೆ ತೋರಿಸಿದೆ. “ಇದೆಲ್ಲ ಸರಿ ಮಾರಾಯ, ಚೌಕಿಯಲ್ಲಿ ತೆಗೆದದ್ದು ಎಲ್ಲಿ?” ಅಂದರು. ವೇಷ ಕಟ್ಟುವ ಆ ಚೌಕಿಯ ವಿಡಿಯೋಗಳಿಗೂ ದಾರಿ ಇದೆ. ಆಟದ ಫೋಲ್ಡರ್ ಒಳಗೆ ‘ಎಕ್ಸ್‌ಟ್ರಾಸ್’ (ಇಂಗ್ಲಿಷಿನಲ್ಲಿ extras) ಅಂತ ಇನ್ನೊಂದು ಫೋಲ್ಡರ್ ಮಾಡಿ ಹಾಕಿದರೆ, ಆ ಆಟದ ಪುಟದಲ್ಲೇ ಕೆಳಗೆ ಬರುತ್ತದೆ.

ಮುಂದಿನದು ತಾಳಮದ್ದಳೆ (ವೇಷವಿಲ್ಲದೆ, ಕೂತು ಹಾಡು ಮಾತುಗಳಲ್ಲೇ ನಡೆಸುವ ಯಕ್ಷಗಾನ) ಆಡಿಯೋ. ಅದು ಮ್ಯೂಸಿಕ್ ಲೈಬ್ರರಿಗೆ ಹೋಗಬೇಕು. ಆಲ್ಬಮ್ ಆರ್ಟಿಸ್ಟ್ ಭಾಗವತರೋ, ಪಾತ್ರದ ಮಾತಾಡುವ ಅರ್ಥಧಾರಿಯೋ? ಮಾವ ಅರ್ಥಧಾರಿ ಅನ್ನುತ್ತಾರೆ. ನಾನಿನ್ನೂ ಒಪ್ಪಿಲ್ಲ.