ಗೋಬರ್ ಗ್ಯಾಸಿಗೂ ಹೆಪ್ಪು

ಕಳೆದ ಜುಲೈನಲ್ಲಿ ನಮ್ಮ ಮನೆಯ ಗೋಬರ್ ಗ್ಯಾಸನ್ನು ನಾನೇ ಕೈಯಾರೆ ಕೆಡಿಸಿದೆ. ಅತ್ತೆ ಮದುವೆಗೆಂದು ಶಿವಮೊಗ್ಗಕ್ಕೆ ಹೋಗಿದ್ದರು. ಕೊಟ್ಟಿಗೆಯಲ್ಲಿ ನೊಣ ಜಾಸ್ತಿಯಾಗಿತ್ತು. ಎರಡು ದಿನ ಫಿನಾಯಿಲ್ ಸುರಿದು ಸುರಿದು ತೊಳೆದೆ. ಆ ನೀರೆಲ್ಲ ಸಗಣಿ ಕಲಸುವ ತೊಟ್ಟಿಗೆ ಇಳಿದು, ಅಲ್ಲಿಂದ ಸೀದಾ ಗುಂಡಿಗೆ ಹೋಗುತ್ತದೆ ಅನ್ನೋದು ಹೊಳೆಯಲೇ ಇಲ್ಲ.

ನಾಲ್ಕಾರು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಒಲೆ ತಿರುಗಿಸಿದರೆ ಸುಯ್ ಅಂತ ಗ್ಯಾಸೇನೋ ಬರುತ್ತಿದೆ, ಬೆಂಕಿ ಮಾತ್ರ ಹತ್ತುತ್ತಿಲ್ಲ. ಅರ್ಧ ಪೊಟ್ಟಣ ಕಡ್ಡಿ ಗೀರಿದೆ. ಊಹೂಂ. ಊರಿಂದ ಬಂದ ಅತ್ತೆ ಗುಂಡಿಯ ಹತ್ತಿರ ಹೋಗಿ ಮೂಗಿನಲ್ಲೇ ಪರೀಕ್ಷೆ ಮಾಡಿದರು. "ಹೊಟ್ಟೆ ಕೆಟ್ಟಿದೆ ಅದಕ್ಕೆ. ಸಗಣಿ ಹಾಕಬೇಡ ಮಾರಾಯ್ತಿ, ನಾಲ್ಕು ದಿನ ಉಪವಾಸ ಇರಲಿ."

ಆಮೇಲೆ ಓದಿ ನೋಡಿದರೆ ಅತ್ತೆ ಹೇಳಿದ್ದೇ ಸರಿ. ಗುಂಡಿಯಲ್ಲಿ ಕೆಲಸ ಮಾಡೋದು ಮುಖ್ಯವಾಗಿ ಎರಡು ಗುಂಪಿನ ಸೂಕ್ಷ್ಮಜೀವಿಗಳು. ಒಂದು ಗುಂಪು ಸಗಣಿಯನ್ನು ಒಡೆದು ಹುಳಿ ಮಾಡುತ್ತದೆ. ಇನ್ನೊಂದು ಆ ಹುಳಿ ತಿಂದು ಮೀಥೇನ್ ಬಿಡುತ್ತದೆ. ಈ ಎರಡನೆಯವು ಭಾರಿ ನಾಜೂಕು. ಗಾಳಿ ಆಗಲ್ಲ, ಚಳಿ ಆಗಲ್ಲ, ಫಿನಾಯಿಲ್ ಅಂತೂ ಕೇಳಲೇಬೇಡಿ. ಇವು ಮಲಗಿದರೂ ಮೊದಲಿನವು ದುಡಿಯುತ್ತಲೇ ಇರುತ್ತವೆ, ಗುಂಡಿಯೆಲ್ಲ ಹುಳಿ. ಚೆನ್ನಾಗಿರುವ ಗೋಬರ್ ಗ್ಯಾಸಿನಲ್ಲಿ ನೂರಕ್ಕೆ 55–60 ಭಾಗ ಮೀಥೇನ್ ಇರುತ್ತದೆ. ನಮ್ಮ ಒಲೆಗೆ ಬರುತ್ತಿದ್ದದ್ದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್. ಅದಕ್ಕೆ ಎಷ್ಟು ಕಡ್ಡಿ ಗೀರಿದರೇನು?

ಉಪವಾಸ ಮುಗಿದ ಮೇಲೆ ಅತ್ತೆ ನನ್ನ ಕೈಗೆ ಎರಡು ಬಕೆಟ್ ಕೊಟ್ಟು ಪಕ್ಕದ ಮನೆಗೆ ಅಟ್ಟಿದರು. ಅವರ ಗುಂಡಿಯಿಂದ ಹೊರಬರುವ ಸ್ಲರಿ, ಅಂದರೆ ಗ್ಯಾಸ್ ಬಿಟ್ಟು ಉಳಿದ ಸಗಣಿ ರಾಡಿ, ತಂದು ನಮ್ಮದಕ್ಕೆ ಹಾಕಬೇಕು. ಮೀಥೇನ್ ಬಿಡುವ ಆ ನಾಜೂಕಿನವು ಅದರಲ್ಲಿ ಇರುತ್ತವಲ್ಲ. ಮೂರು ದಿನ ಹೊತ್ತೆ. "ಹೆಪ್ಪಿಗೆ ಬಂದ್ರಾ?" ಅಂತ ಆ ಮನೆಯವರು ನಕ್ಕರು. ಮೊಸರಿಗೆ ಹೆಪ್ಪು ಕೇಳಿಕೊಂಡು ಲೋಟ ಹಿಡಿದು ಎಷ್ಟೋ ಸಲ ಹೋಗಿದ್ದೆ, ಬಕೆಟ್ ಹಿಡಿದು ಹೋಗಿದ್ದು ಅದೇ ಮೊದಲು. ಹನ್ನೊಂದನೇ ದಿನಕ್ಕೆ ಒಲೆ ಒಮ್ಮೆ ಕೆಮ್ಮಿ, ಹತ್ತಿತು. ನೀಲಿ ಉರಿ. ಅದರ ಮೇಲೆ ಮೊದಲು ಇಟ್ಟಿದ್ದು ಕಾಫಿಗೆ ನೀರು.

ಅದೇ ಮಳೆಯಲ್ಲಿ ಇಡ್ಲಿ ಹಿಟ್ಟೂ ಮುನಿಸಿಕೊಂಡಿತ್ತು. ನನ್ನ ತವರು ಕುಣಿಗಲ್ ಕಡೆ. ಅಲ್ಲಿ ಸಂಜೆ ರುಬ್ಬಿಟ್ಟರೆ ಬೆಳಗ್ಗೆ ಪಾತ್ರೆಯಿಂದ ಉಕ್ಕಿರುತ್ತದೆ. ಇಲ್ಲಿ ಗಂಡನ ಮನೆ ಇರುವ ಸಾಗರದ ಕಡೆ ಮಳೆಗಾಲದಲ್ಲಿ ಕಲ್ಲು ಕಲ್ಲು. ಅತ್ತೆ ಪಾತ್ರೆಗೆ ಹಳೇ ಕಂಬಳಿ ಸುತ್ತಿ ಬಚ್ಚಲೊಲೆ ಪಕ್ಕ ಇಡುತ್ತಾರೆ. ಹಿಟ್ಟು ಉಬ್ಬಿಸುವ ಲ್ಯೂಕೊನಾಸ್ಟಾಕ್ ಅನ್ನೋ ಬ್ಯಾಕ್ಟೀರಿಯಾವನ್ನು ಯಾರೂ ತಂದು ಹಾಕಲ್ಲ, ಉದ್ದಿನಬೇಳೆ ಜೊತೆಗೇ ಬಂದಿರುತ್ತದೆ. ಅದು ಬಿಡುವ ಗಾಳಿಯನ್ನು ಉದ್ದಿನ ಲೋಳೆ ಹಿಡಿದಿಟ್ಟುಕೊಳ್ಳುತ್ತದೆ. ಕೈಯಲ್ಲೇ ಕಲಸಬೇಕು, ಕೈಗುಣದಿಂದಲೇ ಉಬ್ಬೋದು ಅಂತಾರೆ ಅತ್ತೆ. ಇದರಲ್ಲಿ ನಾನು ವಾದಕ್ಕೆ ಇಳಿಯಲ್ಲ.

ತವರಿನ ಕಡೆಯದೇ ಒಂದು ಹೆಮ್ಮೆ ಹೇಳಿಬಿಡುತ್ತೇನೆ. ಕುಣಿಗಲ್ ತಾಲ್ಲೂಕಿನ ಪುರ ಅನ್ನೋ ಪುಟ್ಟ ಹಳ್ಳಿಯಲ್ಲಿ 1987ರಲ್ಲೇ ಊರಿನ ಸಗಣಿಯಿಂದ ದೀಪ ಉರಿಸಿ, ಕೊಳವೆಬಾವಿಯ ನೀರೆತ್ತಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ.ಎನ್. ರೆಡ್ಡಿಯವರ ಬಳಗದ ಕೆಲಸ ಅದು. ಗ್ಯಾಸ್ ತೆಗೆದ ಮೇಲೆ ಉಳಿದ ಗೊಬ್ಬರ ಮತ್ತೆ ಮನೆಮನೆಗೆ ವಾಪಸ್.

ಮಾವನವರಿಗೆ ಸಕ್ಕರೆ ಕಾಯಿಲೆ. ಅವರ ಇನ್ಸುಲಿನ್ ಇರೋದು ಫ್ರಿಜ್ಜಿನ ಬಾಗಿಲಲ್ಲಿ, ಮೊಟ್ಟೆ ಇಡೋ ಜಾಗದಲ್ಲಿ. ನಮ್ಮ ಮನೆಯಲ್ಲಿ ಆ ಜಾಗಕ್ಕೆ ಬೇರೆ ಕೆಲಸವೂ ಇಲ್ಲ ಬಿಡಿ. ಮೊದಲೆಲ್ಲ ಹಂದಿ, ದನದ ಮೇದೋಜೀರಕದಿಂದ ಇನ್ಸುಲಿನ್ ತೆಗೆಯುತ್ತಿದ್ದರು. 1982ರಲ್ಲಿ ಬ್ಯಾಕ್ಟೀರಿಯಾದಿಂದ ಮಾಡಿಸಿದ ಇನ್ಸುಲಿನ್ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಬೆಂಗಳೂರಿನ ಬಯೋಕಾನ್ 2004ರಲ್ಲಿ ತಂದದ್ದು ಯೀಸ್ಟ್‌ನಿಂದ ಮಾಡಿಸಿದ್ದು. ಆ ಕಂಪನಿ ಕಟ್ಟಿದ ಕಿರಣ್ ಮಜುಂದಾರ್ ಷಾ ಆಸ್ಟ್ರೇಲಿಯಾದಲ್ಲಿ ಕಲಿತದ್ದು ಬಿಯರ್ ತಯಾರಿಕೆ. ಇದನ್ನು ಹೇಳಿದಾಗ ಮಾವ ಸಿರಿಂಜನ್ನು ಒಂದು ಕ್ಷಣ ಅನುಮಾನದಿಂದ ನೋಡಿ, ಚುಚ್ಚಿಕೊಂಡು, ಇಡ್ಲಿ ಹಾಕು ಅಂದರು.

ಮೊನ್ನೆ ಪಕ್ಕದ ಮನೆಯವರು ಬಂದು ಅಂಗಳದಲ್ಲೇ ನಿಂತು, "ಸ್ವಲ್ಪ ಹೆಪ್ಪು ಬೇಕಿತ್ತು" ಅಂದರು.

ಲೋಟವೋ ಬಕೆಟ್ಟೋ ಅಂತ ಇಣುಕಿ ನೋಡಿದೆ.